ಕಬ್ಬಿಣದಣ್ಣ

ನಮ್ಮಣ್ಣ ಟ್ಯಾಂಕಿನೊಳಗೆ ಕೂತು ಪಾಕಿಸ್ತಾನದ ಗಡಿ ಕಾಯುತ್ತಿದ್ದ ಚಳಿಗಾಲದಲ್ಲಿ ನಮ್ಮಮ್ಮ ಜಪಾನಿನವರ ಬೊಂಬೆ ಸಿನಿಮಾದ ಹುಚ್ಚು ಹಿಡಿಸಿಕೊಂಡಳು. ಈಗ ಹೀಗೆ ಹೇಳಿದರೆ ಕೇಳಿದವರು ನಗುತ್ತಾರೆ. ನಗಲಿ. ಆಗ ನಮ್ಮ ಮನೆಯಲ್ಲಿ ಯಾರಿಗೂ ನಗು ಬರುತ್ತಿರಲಿಲ್ಲ.

ದೇವನಹಳ್ಳಿ ಹತ್ತಿರದ ವಿಜಯಪುರದಲ್ಲಿ ನಮ್ಮದು ರೇಷ್ಮೆ ನೂಲು ತೆಗೆಯುವ ಮನೆ. ಹಿತ್ತಲಿನ ಚಪ್ಪರದಡಿ ಅಮ್ಮ ಗೂಡುಗಳನ್ನು ಕುದಿನೀರಿಗೆ ಬಿಟ್ಟು ಎಳೆ ಹುಡುಕುತ್ತಿದ್ದಳು, ಅಪ್ಪ ಚರಕ ತಿರುಗಿಸುತ್ತಿದ್ದ. ನೂಲೆಲ್ಲ ಬಿಚ್ಚಿಕೊಂಡ ಮೇಲೆ ಒಳಗಿದ್ದ ಹುಳ ಬೆಂದು ನೀರಿನಲ್ಲಿ ತೇಲುತ್ತಿತ್ತು. ಅದರ ವಾಸನೆ ನಮ್ಮ ಬಟ್ಟೆಯಲ್ಲಿ, ಕೂದಲಲ್ಲಿ, ನನ್ನ ಶಾಲೆಯ ಚೀಲದಲ್ಲಿ ಸದಾ ಇರುತ್ತಿತ್ತು. ಅಣ್ಣ ಈ ವಾಸನೆ ತಡೆಯಲಾರದೆ ಮಿಲಿಟರಿಗೆ ಓಡಿಹೋದ ಎಂದು ಅಪ್ಪ ಗೇಲಿ ಮಾಡುತ್ತಿದ್ದ. ಹೋದವನಿಗೆ ಟ್ಯಾಂಕು ಓಡಿಸುವ ಕೆಲಸ ಸಿಕ್ಕಿತು. ಒಮ್ಮೆ ರಜೆಗೆ ಬಂದಾಗ ಗೂಡು ಬೇಯಿಸುವ ಬಾಣಲೆಯನ್ನೇ ಬೋರಲು ಹಾಕಿ ತೋರಿಸಿದ್ದ.

"ಹಿಂಗಿರುತ್ತೆ ಕಣಮ್ಮ. ನಾವು ಇದರೊಳಗೆ. ಮೇಲೊಂದು ಮುಚ್ಚಳ."

"ಒಳಗೆ ಸೆಕೆ ಆಗಲ್ವೇನೋ?"

"ಒಲೆ ಮೇಲೆ ಕೂತಂಗಿರುತ್ತೆ," ಎಂದು ನಕ್ಕಿದ್ದ. ಅಮ್ಮ ಆ ದಿನವೆಲ್ಲ ಮಂಕಾಗಿದ್ದಳು.

ದೀಪಾವಳಿ ಕಳೆದ ಮೇಲೆ ಅವನ ಕಾಗದ ನಿಂತುಹೋಯಿತು. ಯುದ್ಧ ಇನ್ನೂ ಶುರುವಾಗಿರಲಿಲ್ಲ, ನಮ್ಮ ಮನೆಗೆ ಭಯ ಆಗಲೇ ಬಂದು ಕೂತಿತ್ತು. ಬೀದಿಯಲ್ಲಿ ಯಾರದೇ ಸೈಕಲ್ ಬೆಲ್ ಕೇಳಿದರೂ ನಾನು ಕೈಯಲ್ಲಿದ್ದ ಕೆಲಸ ಹಾಗೇ ಬಿಡುತ್ತಿದ್ದೆ. ಸಾವಿನ ಸುದ್ದಿಯ ತಂತಿ ತರುವ ಅಂಚೆಯವನು ಸೈಕಲ್ಲಿನಲ್ಲೇ ಬರುತ್ತಿದ್ದನಲ್ಲ! ಬೆಲ್ ನಮ್ಮ ಬಾಗಿಲು ದಾಟಿ ಹೋಗುವವರೆಗೂ ಅಮ್ಮನೂ ನಾನೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಕೆರೆಯಂಗಳದಲ್ಲಿ ಒಂದು ಸಿನಿಮಾ ಟೆಂಟು ಬೀಡುಬಿಟ್ಟಿತ್ತು. ಅದರ ಮಾಲೀಕ ಎಲ್ಲಿಂದಲೋ ಅಗ್ಗಕ್ಕೆ ಒಂದಷ್ಟು ರೀಲು ತಂದಿದ್ದ. ಎಲ್ಲವೂ ಬರೆದ ಚಿತ್ರಗಳು, ಮಾತು ಇಂಗ್ಲಿಷು, ಕಥೆ ಜಪಾನಿನದು. ಭಾನುವಾರದ ಮೊದಲನೇ ಆಟಕ್ಕೆ, ಕನ್ನಡ ಸಿನಿಮಾ ಶುರುವಾಗುವ ಮುಂಚೆ, ವಾರಕ್ಕೊಂದು ತುಂಡು ತೋರಿಸುತ್ತಿದ್ದ. ಅದರಲ್ಲಿ ತೆಂಗಿನಮರಕ್ಕಿಂತ ಎತ್ತರದ ಒಬ್ಬ ಕಬ್ಬಿಣದ ಮನುಷ್ಯ. ಊರಿಗೆ ಬೆಂಕಿ ಬಿದ್ದರೆ, ಶತ್ರುಗಳ ಯಂತ್ರಗಳು ನುಗ್ಗಿದರೆ ಅವನು ಎದ್ದು ನಿಲ್ಲುತ್ತಿದ್ದ. ದೂರದಲ್ಲಿ ಒಬ್ಬ ಹುಡುಗ ಸಣ್ಣ ಪೆಟ್ಟಿಗೆ ಹಿಡಿದು ಅದರ ಗುಂಡಿ ಒತ್ತಿದಂತೆ ಇವನು ಕೈ ಬೀಸುತ್ತಿದ್ದ. ನಾವು ಮಕ್ಕಳು ಅವನನ್ನು ಕಬ್ಬಿಣದಣ್ಣ ಎನ್ನುತ್ತಿದ್ದೆವು. ಆಪರೇಟರ್ ಮೈಕು ಹಿಡಿದು ಬಾಯಿಗೆ ಬಂದ ಹಾಗೆ ಕನ್ನಡದಲ್ಲಿ ಅರ್ಥ ಹೇಳುತ್ತಿದ್ದ. ಅವನಿಗೆ ಇಂಗ್ಲಿಷ್ ಬರುತ್ತಿತ್ತೆಂದು ನಾನೇನೂ ನಂಬುವುದಿಲ್ಲ.

ಅಮ್ಮನನ್ನು ಮೊದಲ ಸಲ ಅಲ್ಲಿಗೆ ಎಳೆದುಕೊಂಡು ಹೋದವಳು ನಾನು. ಅವಳ ಮನಸ್ಸು ಹಗುರವಾಗಲಿ ಎಂದೇನಲ್ಲ. ಅವಳೊಬ್ಬಳೇ ಇದ್ದಾಗ ತಂತಿ ಬಂದುಬಿಟ್ಟರೆ ಎನ್ನುವ ಹೆದರಿಕೆ, ಅಷ್ಟೇ. ಹೆಂಗಸರ ಕಡೆ ಮರಳಿನ ಮೇಲೆ ಕೂತೆವು. ಆ ದಿನದ ತುಂಡಿನಲ್ಲಿ ಕಬ್ಬಿಣದಣ್ಣನ ಒಂದು ಕೈ ಕಿತ್ತುಬಂತು. ಎದೆ ಸೀಳಿ ಹೊಗೆ ಎದ್ದಿತು. ಅಮ್ಮ ನನ್ನ ಮಣಿಕಟ್ಟನ್ನು ಬಳೆ ಒಡೆಯುವಷ್ಟು ಬಿಗಿಯಾಗಿ ಹಿಡಿದಳು.

"ಒಳಗ್ಯಾರವ್ರೆ?"

"ಯಾರೂ ಇಲ್ಲಮ್ಮ. ಬರೀ ಕಬ್ಬಿಣ."

"ಯಾರೂ ಇಲ್ವಾ? ದೇವ್ರಾಣೆಗೂ?"

"ದೇವ್ರಾಣೆಗೂ."

ಅವಳು ಉಸಿರು ಬಿಟ್ಟಳು. ಆಮೇಲೆ ನನ್ನ ಕೈಯಿಂದ ಕಡಲೆಕಾಯಿ ಇಸಿದುಕೊಂಡು ತಿಂದಳು. ಎಷ್ಟೋ ದಿನದಿಂದ ಅವಳು ಏನನ್ನಾದರೂ ತಾನಾಗಿ ಕೇಳಿ ತಿಂದದ್ದನ್ನು ನಾನು ನೋಡಿರಲಿಲ್ಲ.

ಅಲ್ಲಿಂದ ಮುಂದೆ ಭಾನುವಾರ ಸಂಜೆಯಾದರೆ ನನಗಿಂತ ಮೊದಲು ತಲೆ ಬಾಚಿಕೊಂಡು ನಿಲ್ಲುತ್ತಿದ್ದವಳು ಅವಳೇ. ಕನ್ನಡ ಸಿನಿಮಾ ಶುರುವಾದರೆ ಎದ್ದು ಬಂದುಬಿಡೋಣ ಎನ್ನುತ್ತಿದ್ದಳು. ನನಗೆ ಅದಕ್ಕೆ ವಿಪರೀತ ಕೋಪ. ಆದರೂ ನನಗೆ ಅವಳ ಹುಚ್ಚು ಅರ್ಥವಾಗುತ್ತಿತ್ತು. ಕಬ್ಬಿಣದಣ್ಣ ಗೆಲ್ಲುತ್ತಾನೆ ಎಂದು ನಾವು ಹೋಗುತ್ತಿರಲಿಲ್ಲ. ಅವನಿಗೆ ಎಷ್ಟು ಏಟು ಬಿದ್ದರೂ ಯಾವ ಮನೆಗೂ ತಂತಿ ಹೋಗುತ್ತಿರಲಿಲ್ಲ. ಮುಂದೆ ಯುದ್ಧ ಶುರುವಾದಾಗ ಕಾಫಿ ಹೋಟೆಲಿನ ರೇಡಿಯೊ ಎದುರು ಗಂಡಸರು ಅವರ ಟ್ಯಾಂಕು ಇಷ್ಟು ಹೋದವು, ನಮ್ಮವು ಇಷ್ಟು ಹೋದವು ಎಂದು ಆಟದ ರನ್ನು ಹೇಳಿದ ಹಾಗೆ ಹೇಳುತ್ತಿದ್ದರು. ಒಳಗಿದ್ದವರ ಮಾತು ಒಬ್ಬನ ಬಾಯಲ್ಲೂ ಇರಲಿಲ್ಲ. ಆ ಗಂಡಸರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಈಗಿನ ಜಪಾನಿ ಸೀರಿಯಲ್ಲುಗಳಲ್ಲಂತೂ ಮಕ್ಕಳನ್ನೇ ಯಂತ್ರದ ಎದೆಯೊಳಗೆ ಕೂರಿಸಿ ಕಾದಾಡಿಸುತ್ತಾರೆ. ಮೊಮ್ಮಗಳು ರೆಪ್ಪೆ ಮುಚ್ಚದೆ ನೋಡುತ್ತಾಳೆ, ನಾನು ಏನಾದರೂ ನೆಪ ಹೇಳಿ ಅಡುಗೆಮನೆಗೆ ಹೋಗುತ್ತೇನೆ.

ಯುದ್ಧ ಶುರುವಾದ ಮೇಲೆ ಬಂದ ಮೊದಲ ಭಾನುವಾರ. ಕಬ್ಬಿಣದಣ್ಣ ಶತ್ರುವಿನ ಯಂತ್ರವನ್ನು ಎತ್ತಿ ಬಂಡೆಗೆ ಬಡಿದ. ಟೆಂಟಿನ ತುಂಬ ಶಿಳ್ಳೆ. ಆಗ ಆ ಯಂತ್ರದ ಹೊಟ್ಟೆಯ ಮೇಲೊಂದು ಮುಚ್ಚಳ ತೆರೆದುಕೊಂಡಿತು. ಹೊಗೆಯ ಜೊತೆ ಒಬ್ಬ ಮನುಷ್ಯ ಅರ್ಧ ಆಚೆ ಬಂದು ಹಾಗೇ ಜೋತುಬಿದ್ದ. ನಾಲ್ಕು ಗೆರೆಯಲ್ಲಿ ಬರೆದ ಸಣ್ಣ ಮನುಷ್ಯ. ಅವನಿಗೆ ಸರಿಯಾಗಿ ಮುಖ ಕೂಡ ಬರೆದಿರಲಿಲ್ಲ.

"ಸತ್ತ! ಶತ್ರು ಸತ್ತ!" ಎಂದು ಆಪರೇಟರ್ ಕೂಗಿದ.

ಅಮ್ಮ ಎದ್ದು ನಿಂತಳು. ಹಿಂದಿನವರು ಕೂರಮ್ಮೋ ಎಂದು ಬೈದರು. ಮನೆಯವರೆಗೂ ನಾನು ಅವಳ ಹಿಂದೆ ಓಡುತ್ತಲೇ ಬಂದೆ, ಅವಳು ಒಂದು ಸಲವೂ ತಿರುಗಿ ನೋಡಲಿಲ್ಲ.

ಮಾರನೆಯ ಬೆಳಿಗ್ಗೆ ಅಪ್ಪ ಒಲೆ ಹೊತ್ತಿಸಿ ನೀರು ಕುದಿಸಿದ. ಅಮ್ಮ ಬುಟ್ಟಿಯಿಂದ ಒಂದು ಗೂಡು ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಗೂಡು ಕೊಳ್ಳುವಾಗ ನಾವೆಲ್ಲ ಹಾಗೆ ಅಲ್ಲಾಡಿಸಿ ನೋಡುತ್ತೇವೆ. ಒಳಗಿನ ಹುಳ ಲೊಟಲೊಟ ಅಂದರೆ ಗೂಡು ಚೆನ್ನಾಗಿದೆ ಎಂದರ್ಥ. ಅವಳು ಅದನ್ನು ಬುಟ್ಟಿಗೆ ವಾಪಸ್ ಇಟ್ಟಳು.

"ಇವತ್ತು ಬ್ಯಾಡ."

ನಾಳೆಯೂ ಬೇಡ, ನಾಳಿದ್ದೂ ಬೇಡ. ಅಪ್ಪನಿಗೆ ರೇಗಿತು. "ತೂತು ಮಾಡ್ಕೊಂಡು ಚಿಟ್ಟೆ ಆಚೆ ಬಂದ್ಬಿಟ್ರೆ ಒಂದೆಳೆ ನೂಲೂ ಬರಲ್ಲ ಕಣೇ! ಮನೆಮಂದಿ ಮಣ್ಣು ತಿನ್ನೋಣ್ವಾ?"

"ನನ್ನ ಮಗ ಆಚೆ ಬರೋಗಂಟ ನಾನು ಬೇಯ್ಸಲ್ಲ."

ಅಪ್ಪ ಬುಟ್ಟಿ ಕಸಿದುಕೊಂಡ. ತಾನೇ ಬೇಯಿಸುವವನ ಹಾಗೆ ಬಾಣಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಹಿಡಿ ತುಂಬ ಗೂಡು ತೆಗೆದ. ಆ ಹಿಡಿ ನೀರಿನ ಮೇಲೆ ಹಾಗೇ ನಿಂತುಬಿಟ್ಟಿತು, ಹಬೆಗೆ ಕೈ ಕೆಂಪಾದರೂ ಬೆರಳು ಬಿಚ್ಚಲಿಲ್ಲ. ಕಡೆಗೆ ಒಲೆಗೆ ನೀರು ಸುರಿದು ಎದ್ದುಹೋದ. ಅಪ್ಪನೂ ಹೆದರಿದ್ದಾನೆ ಎಂದು ಗೊತ್ತಾದದ್ದು ನನಗೆ ಆಗಲೇ. ಅದುವರೆಗೆ ಅವನೊಬ್ಬನಾದರೂ ಗಟ್ಟಿಯಾಗಿದ್ದಾನೆ ಎಂದುಕೊಂಡಿದ್ದೆ. ಇನ್ನು ಯಾರನ್ನು ಹಿಡಿದುಕೊಳ್ಳುವುದೆಂದು ತಿಳಿಯದೆ ಚಪ್ಪರದ ಕಂಬ ಹಿಡಿದು ನಿಂತೆ.

ಒಂದು ಬೆಳಿಗ್ಗೆ ಎದ್ದರೆ ಮನೆಯೆಲ್ಲ ಬಿಳಿ ಚಿಟ್ಟೆ. ಗೋಡೆಯ ಮೇಲೆ, ಚಾಪೆಯ ಮೇಲೆ, ಅಮ್ಮನ ಸೆರಗಿನ ಮೇಲೆ. ಹಾರಲು ಬರದೆ ರೆಕ್ಕೆ ಬಡಿಯುತ್ತಾ ತೆವಳುತ್ತಿದ್ದವು. ಅಕ್ಕಪಕ್ಕದವರು ಬಂದು ಬಾಗಿಲಲ್ಲಿ ನಿಂತು ನೋಡಿದರು. ನೂಲು ತೆಗೆಯುವ ಮನೆಯಲ್ಲಿ ಚಿಟ್ಟೆ ಹೊರಡಲು ಬಿಡುವುದುಂಟೆ? ತಲೆ ಕೆಟ್ಟಿದೆ ಎಂದು ಪಿಸುಗುಟ್ಟಿದರು. ನನಗೂ ಹಾಗೇ ಅನ್ನಿಸಿತು. ಇಷ್ಟೆಲ್ಲ ಹೊರಗೆ ಬಂದವು, ಅಣ್ಣನೊಬ್ಬ ಬರದಿದ್ದರೆ ಅಮ್ಮ ಏನಾಗುತ್ತಾಳೆ? ಅವಳು ಮಾತ್ರ ಒಂದೊಂದನ್ನೇ ಎತ್ತಿ ಮೊರಕ್ಕೆ ಬಿಡುತ್ತಿದ್ದಳು.

ಯುದ್ಧ ನಿಂತಿತು. ಊರಲ್ಲಿ ಸಕ್ಕರೆ ಹಂಚಿದರು. ನಮಗೆ ಯಾವ ಸುದ್ದಿಯೂ ಇಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ದೇವನಹಳ್ಳಿ ಕಡೆಯ ಬಸ್ಸಿನಿಂದ ಅಣ್ಣ ಇಳಿದು ಬಂದ. ಎಡಗೈಗೆ ಪಟ್ಟಿ, ಹುಬ್ಬು ಸುಟ್ಟುಹೋಗಿತ್ತು. ಅಮ್ಮ ಅಳಲಿಲ್ಲ, ಕೈಕಾಲು ತೊಳೆಯಲು ನೀರು ಕೊಟ್ಟು, ಮುದ್ದೆ ತಿರುವಲು ಒಳಗೆ ಹೋದಳು.

ಅವನು ಊಟಕ್ಕೆ ಕೂತಾಗ ಮನೆ ತುಂಬ ಜನ. ಹುಲಿ ಎಂದರು, ಕಬ್ಬಿಣ ಎಂದರು. ಕಾಫಿ ಹೋಟೆಲಿನ ಗಂಡಸರೂ ಇದ್ದರು. ಅವರಲ್ಲೊಬ್ಬ ಕೇಳಿದ, "ಹೆದ್ರಿಕೆ ಅನ್ನೋದೇ ಆಗಿರಕ್ಕಿಲ್ಲ ಅಲ್ವೇನಪ್ಪಾ?"

ಅಣ್ಣ ತುತ್ತು ಮುರಿಯುತ್ತಿದ್ದ ಕೈ ನಿಲ್ಲಿಸಿದ.

"ಆಯ್ತಲ್ಲ. ಮುಚ್ಚಳ ಹಾಕ್ದಾಗೆಲ್ಲ ಅಮ್ಮಾ ಅಮ್ಮಾ ಅಂತ ಕೂಗ್ತಿದ್ದೆ. ಇಂಜಿನ್ ಸದ್ದಿಗೆ ಪಕ್ಕದಲ್ಲಿದ್ದೋನಿಗೂ ಕೇಳ್ತಿರ್ಲಿಲ್ಲ."

ಒಂದಿಬ್ಬರು ನಕ್ಕರು. ಅವನು ತಮಾಷೆ ಮಾಡುತ್ತಿರಲಿಲ್ಲ.

"ನಂಗೆ ಕೇಳ್ತಿತ್ತು ಕಣೋ," ಎಂದಳು ಅಮ್ಮ, ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕುತ್ತಾ.