ಎಡಗಾಲಿಗೆ ಐದು, ಬಲಗಾಲಿಗೆ ಏಳು

ಬೀದಿದೀಪಗಳು ಇನ್ನೂ ಆರಿಲ್ಲ. ಚಪ್ಪಲಿ ಅಂಗಡಿಯ ಷಟರ್ ಅರ್ಧ ಮಾತ್ರ ಮೇಲೆದ್ದಿದೆ. ಒಳಗೆ ಚಕ್ಕಳಮಕ್ಕಳ ಹಾಕಿ ಕೂತ ಹೆಂಗಸು ಒಂದು ಡಬ್ಬಿಯಿಂದ ಎಡಗಾಲಿನದನ್ನು, ಇನ್ನೊಂದರಿಂದ ಬಲಗಾಲಿನದನ್ನು ಎತ್ತಿಕೊಳ್ಳುತ್ತಾರೆ. ಎರಡರೊಳಗೂ ಕೈ ತೂರಿಸಿ, ಅಂಟಿನ ಗಂಟೋ ಮೊಳೆಯ ತುದಿಯೋ ಚುಚ್ಚೀತೇ ಎಂದು ಸವರಿ ನೋಡುತ್ತಾರೆ. ಕಾಗದ ತುರುಕಿ, ಟೇಪು ಸುತ್ತುತ್ತಾರೆ. ಕೊರಿಯರ್ ಗಾಡಿ ಬರುವಷ್ಟರಲ್ಲಿ ಪಾರ್ಸಲ್‌ಗಳು ಬಾಗಿಲಲ್ಲಿರಬೇಕು.

ಬೀದಿಗೆಲ್ಲ ಇವರು ‘ಅಳತೆ ಅಕ್ಕ’. ಗಂಡ ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿದಾಗ ಇಲ್ಲಿ ಕಸ ಗುಡಿಸಲು ಸೇರಿದವರು. ಗಿರಾಕಿಗಳ ಪಾದ ಅಳೆಯುವ ಕೆಲಸ ತಾನಾಗಿಯೇ ಕೈಗೆ ಬಂತು. ಬಗ್ಗಿ ಬಗ್ಗಿ ಮಂಡಿ ಸವೆದಿದೆ; ಏಳುವಾಗ ಬೆಂಚಿನ ಆಸರೆ ಬೇಕು.

ಆಮೇಲೆ ಮೊಬೈಲಿನಲ್ಲೇ ಚಪ್ಪಲಿ ಕೊಳ್ಳುವ ಕಾಲ ಬಂತು.

“ಜನ ಬರೋರು, ಹಾಕ್ಕೊಂಡು ಓಡಾಡೋರು. ಸೈಜು ಗೊತ್ತಾದ್ಮೇಲೆ ನನ್ನೆದುರಿಗೇ ಮೊಬೈಲಲ್ಲಿ ಆರ್ಡರ್ ಮಾಡೋರು. ಜಗಳ ಆಡೋಕಾಗುತ್ತಾ? ಬಿಚ್ಚಿಟ್ಟಿದ್ದನ್ನ ಒರೆಸಿ ಡಬ್ಬಿಗೆ ಹಾಕ್ತಿದ್ದೆ.”

ಅಂಗಡಿಯ ಯಜಮಾನರು ಬೀಗ ಹಾಕುವ ಮಾತೆತ್ತತೊಡಗಿದರು. ಆ ದಿನಗಳಲ್ಲೇ ಒಬ್ಬ ಶಾಲಾ ಟೀಚರ್ ಬಂದರು. ಚಿಕ್ಕಂದಿನ ಕಾಯಿಲೆಯಿಂದ ಅವರ ಎಡಪಾದ ಬಲದಷ್ಟು ಬೆಳೆದಿಲ್ಲ. ಎಡಕ್ಕೆ ಐದು, ಬಲಕ್ಕೆ ಏಳು. ಪ್ರತಿ ಸಲವೂ ಎರಡು ಜೋಡಿ ಕೊಂಡು, ಅರ್ಧದಷ್ಟನ್ನು ಎಸೆಯುತ್ತಿದ್ದರು.

“ಇರೋದು ಎರಡು ಕಾಲು, ನಾಲ್ಕು ಚಪ್ಪಲಿ ಯಾಕೆ ಮೇಡಂ?” ಎಂದ ಅಕ್ಕ ಎರಡು ಡಬ್ಬಿ ಬಿಚ್ಚಿ, ಬೇಕಾದ ಒಂದೊಂದನ್ನೇ ತೆಗೆದು ತೊಡಿಸಿಬಿಟ್ಟರು. ಟೀಚರ್ ಹೋದದ್ದೇ ತಡ, ಯಜಮಾನರು ಕೆಂಡಾಮಂಡಲ. “ಉಳಿದಿದ್ದನ್ನ ನನ್ನ ತಲೆ ಮೇಲೆ ಇಟ್ಕೊಳ್ಲಾ?”

ಕೆಲಸ ಹೋಯಿತೆಂದೇ ಅಕ್ಕನ ಲೆಕ್ಕ. ಆದರೂ ಅಂಗಡಿಯ ಇಂಟರ್‌ನೆಟ್ ಪುಟ ನೋಡಿಕೊಳ್ಳುವ ಯಜಮಾನರ ಸೊಸೆಯ ಬಳಿ ಹೋಗಿ, “ಇದರ ಫೋಟೊ ಹಾಕಮ್ಮ. ಎಡ ಏಳು, ಬಲ ಐದು ಅಂತ ಬರಿ. ಇದಕ್ಕೆ ಹೊಂದೋ ಕಾಲು ಎಲ್ಲಾದ್ರೂ ಇದ್ದೇ ಇರುತ್ತೆ” ಎಂದರು.

ಮೊದಲು ಬಂದದ್ದು ಬರೀ ಗೇಲಿ. ‘ಕುಡಿದು ಪ್ಯಾಕ್ ಮಾಡಿದ್ರಾ?’ ಎಂದೂ ಕೇಳಿದರು. ಕೆಲವು ವಾರಗಳ ಮೇಲೆ ದೂರದ ಊರಿನ ಟೈಲರ್ ಒಬ್ಬಳು ಫೋನ್ ಮಾಡಿದಳು. ಅವಳ ಎಡಗಾಲಿಗೆ ಏಳು, ಬಲಗಾಲಿಗೆ ಐದು. “ಅಕ್ಕಾ, ಇದು ನಿಜಾನಾ? ತಮಾಷೆ ಅಲ್ಲ ತಾನೆ?” ಪಾರ್ಸಲ್ ತಲುಪಿದ ದಿನ ಮತ್ತೆ ಫೋನ್. “ಇದೇ ಮೊದಲ ಸಲ ಬಲಗಾಲಿಂದಕ್ಕೆ ಹತ್ತಿ ತುರುಕದೇನೇ ನಡೀತಿದೀನಿ ಅಕ್ಕಾ” ಎಂದಳು.

ಒಬ್ಬರಿಂದ ಒಬ್ಬರಿಗೆ ಸುದ್ದಿ ಹಬ್ಬಿತು. ಜೋಡಿ ಒಡೆದು ಕೊಡುವ ತಾಪತ್ರಯ ದೊಡ್ಡ ಆನ್‌ಲೈನ್ ಅಂಗಡಿಗಳಿಗೆ ಬೇಡ. ಇಲ್ಲಿ ಈಗ ದಿನಕ್ಕೆ ಹತ್ತು ಹನ್ನೆರಡು ಪಾರ್ಸಲ್ ಹೊರಡುತ್ತವೆ. ಬೀಗದ ಮಾತು ನಿಂತಿದೆ. “ಅವತ್ತು ಬಾಯಿಗೆ ಬಂದಂಗೆ ಬೈದೆ. ಈಗ ಅಕ್ಕ ಹೇಳಿದಂಗೆ ಟೇಪು ಕತ್ತರಿಸ್ತೀನಿ” ಎಂದು ಯಜಮಾನರು ನಗುತ್ತಾರೆ.

ಟೀಚರ್ ಮತ್ತು ಟೈಲರ್ ಪರಸ್ಪರ ನೋಡಿಲ್ಲ. ಆದರೆ ಒಬ್ಬರ ಉಳಿಕೆ ಇನ್ನೊಬ್ಬರ ಜೋಡಿಯಾದ್ದರಿಂದ ಬಣ್ಣಕ್ಕೆ ಇಬ್ಬರೂ ಒಪ್ಪಲೇಬೇಕು! ಒಬ್ಬರಿಗೆ ಕಪ್ಪೇ ಆಗಬೇಕು, ಇನ್ನೊಬ್ಬಳಿಗೆ ಕೆಂಪೇ. ನಡುವೆ ಅಕ್ಕನ ಪಂಚಾಯ್ತಿ. ಈ ಸಲ ಕಂದು ಬಣ್ಣಕ್ಕೆ ರಾಜಿಯಾಗಿದೆ.

ಇನ್ನೇನು ಆಸೆ ಎಂದರೆ ಅಕ್ಕ ತುಸು ನಾಚುತ್ತಾರೆ.

“ಅವರಿಬ್ಬರನ್ನೂ ಒಂದ್ಸಲ ಈ ಬೆಂಚಲ್ಲಿ ಪಕ್ಕಪಕ್ಕ ಕೂರಿಸ್ಬೇಕು. ನಾನೇ ಕೈಯಾರೆ ತೊಡಿಸ್ಬೇಕು. ಮಂಡಿ ನೋವಾದ್ರೆ ಆಗ್ಲಿ ಬಿಡಿ.”