ನಿನ್ನೆಯ ಹೂವು ತೆಗೆಸಿದ ಟಿಟ್ವಾಳಾದ ಗಣಪತಿ

ಕಳೆದ ದಸರಾ ಮುಗಿದ ಮೇಲೆ ನನ್ನ ಕಂಪ್ಯೂಟರ್ ಕೆಲಸದ ನಡುವೆ ತಾನಾಗಿ ಬಂದ್ ಆಗತೊಡಗಿತು. ಪರದೆ ಕಪ್ಪಾಗುತ್ತಿತ್ತು. ಸಿಪಿಯು ಡಬ್ಬ ಮುಟ್ಟಿದರೆ ಕಾದ ಕಾವಲಿ. ಇದೂ ದೇವರ ಮುಂದೆ ಹೇಳಿಕೊಳ್ಳುವ ಕಷ್ಟವೇ ಎಂದು ಕೆಲವರಿಗೆ ಅನಿಸಬಹುದು; ನಂಬಿದವರು ನೀವು, ನಗುವುದಿಲ್ಲ ಎಂದುಕೊಂಡು ಬರೆಯುತ್ತಿದ್ದೇನೆ. ಡೊಂಬಿವಲಿಯ ನಮ್ಮ ಮನೆ ನಡೆಯುವುದು ಆ ಡಬ್ಬದಿಂದಲೇ. ಅಪ್ಪ ಕಲ್ಯಾಣದ ಹೋಟೆಲಿನಲ್ಲಿ ಕಾದ ಎಣ್ಣೆಯ ಮುಂದೆ ನಿಂತು ನನ್ನನ್ನು ಓದಿಸಿ ತೀರಿಕೊಂಡರು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮುಂದೆ ಏಳಲಿರುವ ಕಟ್ಟಡಗಳ ವಿಡಿಯೊವನ್ನು ಕಂಪ್ಯೂಟರಿನಲ್ಲೇ ಮಾಡಿ ನವಿ ಮುಂಬಯಿಯ ಒಂದು ಆಫೀಸಿಗೆ ಮನೆಯಿಂದಲೇ ಕಳಿಸುತ್ತೇನೆ. ಆಗ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಸೋಮವಾರದೊಳಗೆ ವಿಡಿಯೊ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಆಫೀಸಿನ ಮೇಡಂ ಫೋನಿನಲ್ಲಿ ಮೆಲ್ಲಗೆ ಹೇಳಿದರು. ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಬಿಸಿಯಾಗುತ್ತಿದ್ದದ್ದು ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಎಂದು ನನಗೆ ಗೊತ್ತಿತ್ತು. ಪಕ್ಕದ ಮುಚ್ಚಳ ತೆಗೆದು, ಕಂಡಷ್ಟು ಧೂಳು ಒರೆಸಿದೆ. ಟೇಬಲ್ ಫ್ಯಾನ್ ಹಚ್ಚಿಟ್ಟೆ. ಉಲ್ಹಾಸನಗರದ ಅಂಗಡಿಯವನಿಗೆ ಫೋನ್ ಮಾಡಿದರೆ, ಕಾರ್ಡ್ ಹೋಗಿದೆ, ಹೊಸದು ಹಾಕಿ ಎಂದ. ಅಷ್ಟು ಶಕ್ತಿ ನಮಗಿರಲಿಲ್ಲ.

ಅಮ್ಮ ತನಗೆ ತಿಳಿದದ್ದನ್ನು ಮಾಡಿದರು. ಆಯುಧಪೂಜೆಗೆ ಡಬ್ಬದ ಮುಂಭಾಗಕ್ಕೆ ಇಳಿಬಿಟ್ಟಿದ್ದ ಚೆಂಡುಹೂವಿನ ಮಾಲೆ ಒಣಗಿ ಹಾಗೇ ಇತ್ತು. ಪೂಜೆಯ ಹೂವನ್ನು ಕಸಕ್ಕೆ ಹಾಕುವ ಹಾಗಿಲ್ಲ, ಊರಂಚಿನ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ನೀರಿಗೇ ಬಿಡಬೇಕು. ಅಲ್ಲಿಗೆ ಹೋಗಲು ನನಗೆ ಬಿಡುವಾಗಿರಲಿಲ್ಲ. ಅದರ ಮೇಲೇ ಅಮ್ಮ ದಿನಾ ಹೊಸ ಹೂವಿಟ್ಟು, ಪಕ್ಕದಲ್ಲಿ ಊದುಬತ್ತಿ ಹಚ್ಚಿದರು.

"ಇದಕ್ಕೆ ಯಾರದ್ದೋ ದೃಷ್ಟಿ ಉಂಟು ಮಗಾ."

"ದೃಷ್ಟಿ ಅಲ್ಲಮ್ಮ, ಹೀಟ್."

"ಹೀಟೋ ಗೀಟೋ. ನೀನು ಓದಿದವಳಲ್ವಾ, ನಿನ್ನ ಓದಿಗೆ ಸರಿ ಆಯ್ತಾ?"

ನಾನು ಟೇಬಲ್ ಫ್ಯಾನನ್ನು ಡಬ್ಬದ ಇನ್ನೂ ಹತ್ತಿರಕ್ಕೆ ಎಳೆದೆ.

ಶನಿವಾರ ವಿಡಿಯೊ ಅರ್ಧವಾಗುವಾಗ ಮತ್ತೆ ಪರದೆ ಕಪ್ಪಾಯಿತು. ಕೂತಲ್ಲೇ ಅತ್ತುಬಿಟ್ಟೆ. ಭಾನುವಾರ ಬೆಳಿಗ್ಗೆ ಇಬ್ಬರೂ ಲೋಕಲ್ ರೈಲು ಹತ್ತಿ ಟಿಟ್ವಾಳಾದ ಗಣಪತಿ ಗುಡಿಗೆ ಹೋದೆವು. ಅಪ್ಪ ಓದಿಸಿದ್ದು ದಂಡವಾಗದಿರಲಿ, ನಾನು ಬೇಡಿದ್ದು ಅಷ್ಟೇ. ನಮ್ಮ ಸರದಿ ಬರುವಾಗ ಅರ್ಚಕರು ಸಾಲು ತಡೆದು, ಮೂರ್ತಿಯ ಮೇಲಿದ್ದ ಹಾರ, ಗರಿಕೆ, ದಾಸವಾಳವನ್ನೆಲ್ಲ ಎರಡೂ ಕೈಯಿಂದ ತೆಗೆಯತೊಡಗಿದರು. ಗಣಪತಿಯ ಮುಖ ಪೂರ್ತಿ ಕಂಡಿತು. ನನ್ನ ಹಿಂದಿದ್ದ ಅಮ್ಮ, "ಪಾಪ, ಈಗ ಉಸಿರಾಡ್ತಾನೆ ನೋಡು" ಎಂದರು.

ಅವರು ಹೇಳಿದ್ದು ದೇವರ ಬಗ್ಗೆ. ನನ್ನ ಕಣ್ಣಿಗೆ ಬಂದದ್ದು ಹೂವು ಹೊತ್ತು ಕೂತ ಮನೆಯ ಡಬ್ಬ.

ಮನೆಗೆ ಬಂದವಳೇ ಮಾಲೆ ತೆಗೆದೆ. ಅದರ ದಾರದ ತುದಿ ಮುಂದಿನ ಜಾಲರಿಯೊಳಕ್ಕೆ ಹೋಗಿತ್ತು. ನನ್ನ ಕಾರ್ಡಿನ ಫ್ಯಾನುಗಳು ಕೆಳಮುಖವಾಗಿವೆ, ಮೇಲಿಂದ ಒರೆಸಿದಾಗ ಕಂಡಿರಲಿಲ್ಲ. ಕಾರ್ಡನ್ನೇ ಬಿಚ್ಚಿ ತಿರುಗಿಸಿದೆ. ಒಂದು ಫ್ಯಾನಿನ ಬುಡಕ್ಕೆ ದಾರ ಬಿಗಿಯಾಗಿ ಸುತ್ತಿಕೊಂಡು, ಅದು ತಿರುಗುತ್ತಲೇ ಇರಲಿಲ್ಲ. ಬಿಸಿ ಹೊರಹಾಕುವ ತಗಡುಗಳ ಸಂದಿಯಲ್ಲಿ ಎಸಳಿನ ಪುಡಿ, ಊದುಬತ್ತಿಯ ಮಸಿ. ದಾರ ಕತ್ತರಿಸಿ, ಕುಂಚದಿಂದ ಗುಡಿಸಿ, ಮತ್ತೆ ಜೋಡಿಸಿದೆ. ಫ್ಯಾನ್ ತಿರುಗಿತು. ವಿಡಿಯೊ ಕೊನೆಯವರೆಗೂ ಓಡಿ, ಸೋಮವಾರ ಆಫೀಸಿಗೆ ತಲುಪಿತು. ಈಗ ಕೆಲಸ ಕಾಯಂ ಆಗಿದೆ.

ದಾರ ನೋಡಿ ಅಮ್ಮನ ಮುಖ ಸಣ್ಣಗಾಗಿತ್ತು. "ನನ್ನ ಹೂವಿಂದ ಆಯ್ತು ಅಂತ ಯಾರಿಗೂ ಹೇಳ್ಬೇಡ ಮಾರಾಯ್ತಿ."

ಅವರನ್ನು ಒಪ್ಪಿಸಿಯೇ ಇದನ್ನು ಬರೆಯುತ್ತಿದ್ದೇನೆ. ಹೂವಿನದ್ದು ತಪ್ಪಿಲ್ಲ. ಕಾರ್ಡ್ ಬಿಚ್ಚಿದ್ದು ನನ್ನ ಓದು, ಅದನ್ನು ನಾನು ಬಿಟ್ಟುಕೊಡುವುದಿಲ್ಲ. ಎಲ್ಲಿ ನೋಡಬೇಕೆಂದು ತೋರಿಸಿದವನು ಮಾತ್ರ ಆ ಗಣಪತಿ, ಅದೂ ತನ್ನ ಮೈಮೇಲಿನ ಹೂವು ತೆಗೆಸಿ. ಆ ಮಾಲೆಯನ್ನು ಇಬ್ಬರೂ ಹೋಗಿ ಖಾಡಿಗೆ ಬಿಟ್ಟೆವು. ಅಮ್ಮ ಈಗಲೂ ದಿನಾ ಡಬ್ಬಕ್ಕೆ ಕೈ ಮುಗಿಯುತ್ತಾರೆ, ದೂರದಿಂದ. ಹೂವು ಗಣಪತಿಗೆ ಮಾತ್ರ, ಅದೂ ನಿನ್ನೆಯದನ್ನು ತೆಗೆದ ಮೇಲೆ.