ಹಳದಿ ಬಾತುಕೋಳಿಯ ತೂಕ

ಸೀಸ ಸಿಹಿ. ಇದು ನಿಮಗೆ ಗೊತ್ತಿರಬೇಕಿತ್ತು. ಸೀಸ ಬೆರೆತ ಬಣ್ಣದ ಚಕ್ಕೆ ನಾಲಿಗೆಗೆ ಸಿಹಿಯಾಗಿ ಹತ್ತುತ್ತದೆ, ಅದಕ್ಕೇ ಮಗು ಒಮ್ಮೆ ನೆಕ್ಕಿದ ಗೊಂಬೆಯನ್ನು ಮತ್ತೆ ನೆಕ್ಕುತ್ತದೆ. ಒಳಗೆ ಹೋದದ್ದು ಮೂಳೆಯಲ್ಲಿ ಮನೆ ಮಾಡಿಕೊಂಡು ಮಿದುಳನ್ನು ತಿನ್ನುತ್ತದೆ. ಇಷ್ಟಾದರೆ ಪರವಾಗಿಲ್ಲ ಎನ್ನುವ ಅಳತೆಯೇ ಅದಕ್ಕಿಲ್ಲ. ಮಚ್ಚು ಹಿಡಿದು ಬಂದವನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತೇವೆ. ಇದನ್ನು ಮಾತ್ರ ಚೌಕಾಸಿ ಮಾಡಿ, ಬಣ್ಣದ ಕಾಗದ ಸುತ್ತಿಸಿಕೊಂಡು, ನಾವೇ ಹೊತ್ತು ತರುತ್ತೇವೆ.

ಅದನ್ನು ತಡೆಯುವುದಕ್ಕೆಂದೇ ಸಂಬಳ ಪಡೆಯುತ್ತಿದ್ದ ಒಬ್ಬ ಹೆಂಗಸಿದ್ದಳು. ಮರದ ಗೊಂಬೆ ಮಾಡುವ ಕಾರ್ಖಾನೆಯಲ್ಲಿ ಎಲ್ಲರೂ ಆಕೆಯನ್ನು ಪಟ್ಟಿಯಕ್ಕ ಎನ್ನುತ್ತಿದ್ದರು. ಗೊಂಬೆಯಲ್ಲಿ ಇರಬಾರದ ರಾಸಾಯನಿಕಗಳ ಪಟ್ಟಿ ಆಕೆಯ ವಶ. ಮುನ್ನೂರ ಹದಿನಾಲ್ಕು ಹೆಸರು, ಒಂದೊಂದರ ಮುಂದೆ ಒಂದೊಂದು ಮಿತಿ. ವರ್ಷಕ್ಕೆರಡು ಸಲ ಪಟ್ಟಿ ಬೆಳೆಯುತ್ತದೆ. ಆಗೆಲ್ಲ ಬಣ್ಣದವರಿಗೆ, ಅಂಟಿನವರಿಗೆ, ವಾರ್ನಿಷ್‌ನವರಿಗೆ ಹೊಸ ಪಟ್ಟಿ ಕಳಿಸಿ, ಇವು ಯಾವುವೂ ನಮ್ಮ ಮಾಲಿನಲ್ಲಿಲ್ಲ ಎಂದು ಬರೆಸಿಕೊಂಡು, ಲ್ಯಾಬಿನ ವರದಿ ತರಿಸಿ ಫೈಲು ಮಾಡಬೇಕು. ಕೊನೆಗೆ ಆಕೆಯ ಸಹಿ. ಅದು ಬೀಳದೆ ಒಂದು ಪೆಟ್ಟಿಗೆಯೂ ಗೇಟು ದಾಟುವಂತಿಲ್ಲ. ಕಟ್ಟಿಕೊಂಡ ಗಂಡ ಕಾಸಿಕೊಟ್ಟ ಚಹಾವನ್ನೂ ಪಟ್ಟಿಯಕ್ಕ ಲ್ಯಾಬಿಗೆ ಕಳಿಸಿಯೇ ಕುಡಿಯುತ್ತಾಳೆ ಎಂದು ಬಣ್ಣದ ಶೆಡ್ಡಿನ ಹೆಂಗಸರು ನಗುತ್ತಿದ್ದರು.

ಒಬ್ಬನ ಮಾಲನ್ನು ಮಾತ್ರ ಆಕೆ ಅನುಮಾನಿಸಲಿಲ್ಲ. ಹಳದಿ ಬಣ್ಣ ಕೊಡುತ್ತಿದ್ದವನು ಸ್ವಂತ ತಮ್ಮ. ಅವನಿಗೆ ಆರು ವರ್ಷವಿದ್ದಾಗ ತಾಯಿ ತೀರಿಕೊಂಡಳು. ಅಲ್ಲಿಂದಾಚೆ ಅವನಿಗೆ ತುತ್ತು ಕಲೆಸಿಟ್ಟವಳು ಈಕೆ. ಕಾರ್ಖಾನೆಯ ಪದ್ಧತಿಯೂ ಅವನಿಗೆ ಅನುಕೂಲವಾಗಿಯೇ ಇತ್ತು. ಪ್ರತಿ ಸಲ ಮಾಲು ಬಂದಾಗ ಬಣ್ಣದವನೇ ಒಂದು ಲೀಟರಿನ ಪುಟ್ಟ ಡಬ್ಬಿಯಲ್ಲಿ ಮಾದರಿ ತಂದುಕೊಡುತ್ತಾನೆ. ಅದು ಲ್ಯಾಬಿಗೆ. ಇಪ್ಪತ್ತು ಲೀಟರಿನ ದೊಡ್ಡ ಡಬ್ಬಿಗಳು ನೇರವಾಗಿ ಬಣ್ಣದ ಶೆಡ್ಡಿಗೆ. ಪುಟ್ಟದರಲ್ಲಿ ಇದ್ದದ್ದೇ ದೊಡ್ಡದರಲ್ಲೂ ಇದೆಯೇ? ಮುನ್ನೂರ ಹದಿನಾಲ್ಕು ವಿಷದ ಹೆಸರು ಬಾಯಿಪಾಠ ಮಾಡಿದವಳಿಗೂ ಈ ಪ್ರಶ್ನೆ ಹೊಳೆಯಲಿಲ್ಲ. ಆರು ವರ್ಷ ವರದಿ ಹಾಲಿನಷ್ಟು ಚೊಕ್ಕಟವಾಗಿ ಬಂತು, ಆರು ವರ್ಷ ಆಕೆ ಸಹಿ ಹಾಕಿದಳು.

ಗುಟ್ಟು ಬಿಟ್ಟುಕೊಟ್ಟದ್ದು ಹಮಾಲಿಯ ಸೊಂಟ. ಮೂವತ್ತು ವರ್ಷ ಹೊರೆ ಹೊತ್ತ ಆ ಮುದುಕ ಒಂದು ದಿನ ಬೆನ್ನು ಹಿಡಿದುಕೊಂಡು ಆಕೆಯ ಕೋಣೆಯ ಬಾಗಿಲಲ್ಲಿ ನಿಂತ.

"ಅಕ್ಕಾ, ನಿಮ್ಮ ತಮ್ಮ ಹಳದಿಗೆ ಕಲ್ಲು ಹಾಕಿ ಕುದಿಸ್ತಾನಾ? ಕೆಂಪು, ನೀಲಿ ಎಲ್ಲ ಒಂದೇ ಭಾರ. ಇದು ಮಾತ್ರ ನೆಲಕ್ಕೆ ಎಳೀತದೆ."

ಆಕೆ ನಕ್ಕಳು. ಅವನು ಹೋದ ಮೇಲೆ ನಗು ನಿಂತಿತು. ತೂಕದ ಕೋಣೆಗೆ ಹೋಗಿ ನೋಡಿದಳು: ಕೆಂಪು ಡಬ್ಬಿ ಇಪ್ಪತ್ನಾಲ್ಕು ಕಿಲೋ, ಹಳದಿ ಇಪ್ಪತ್ತಾರೂವರೆ. ಮಾದರಿ ಡಬ್ಬಿಯಿಂದ ಒಂದು ಲೋಟ, ದೊಡ್ಡ ಡಬ್ಬಿಯಿಂದ ಅದೇ ಲೋಟದಲ್ಲಿ ಇನ್ನೊಂದು ಅಳತೆ ತೂಗಿದಳು. ಎರಡಕ್ಕೂ ಮುಳ್ಳು ಒಂದೇ ಕಡೆ ನಿಲ್ಲಲಿಲ್ಲ; ದೊಡ್ಡ ಡಬ್ಬಿಯದೇ ಭಾರ.

ಆಗ ಆಕೆಗೆ ಎರಡು ವರ್ಷದ ಹಿಂದಿನ ಒಂದು ಭಾನುವಾರ ನೆನಪಾಯಿತು. ತಮ್ಮನ ಮಗಳಿಗೆ ಕಾರ್ಖಾನೆಯಿಂದ ಎರಡು ಗೊಂಬೆ ಒಯ್ದಿದ್ದಳು, ಒಂದು ಕೆಂಪು ಕುದುರೆ, ಒಂದು ಹಳದಿ ಬಾತುಕೋಳಿ. ಮಗು ಬಾತುಕೋಳಿಯ ಕೊಕ್ಕನ್ನು ಬಾಯಿಗಿಟ್ಟುಕೊಂಡಿತ್ತು. ಉಣ್ಣುತ್ತಿದ್ದ ತಮ್ಮ ಎಂಜಲುಗೈಯಲ್ಲೇ ಎದ್ದು ಬಂದು ಅದನ್ನು ಕಿತ್ತುಕೊಂಡು, ಮಗುವಿನ ತುಟಿ ಹಲ್ಲಿಗೆ ತಾಗಿ ಒಡೆಯುವಂತೆ ಬಾರಿಸಿ, ಗೊಂಬೆಯನ್ನು ಮಾಡಿನ ಮೇಲಕ್ಕೆ ಎಸೆದಿದ್ದ. ಕೂಸಿಗೆ ಹೀಗಾ ಹೊಡೆಯೋದು ಎಂದು ಈಕೆ ಜಗಳವಾಡಿ ಬಂದಿದ್ದಳು. ಈಗ, ತೂಕದ ಮುಳ್ಳಿನ ಮುಂದೆ ನಿಂತಾಗ, ಆ ದಿನ ಕಾಣದೆ ಹೋಗಿದ್ದ ಒಂದು ಸಂಗತಿ ಕಣ್ಣಿಗೆ ಬಿತ್ತು. ಮಗುವಿನ ಇನ್ನೊಂದು ಕೈಯಲ್ಲಿದ್ದ ಕೆಂಪು ಕುದುರೆಯನ್ನು ಅವನು ಮುಟ್ಟಿರಲಿಲ್ಲ.

ಸೀಸದ ಹಳದಿ ಅಗ್ಗ. ಮಿಂಚು ಜಾಸ್ತಿ. ಒಂದೇ ಸಲ ಬಳಿದರೆ ಮರ ಮುಚ್ಚುತ್ತದೆ.

ಸಿದ್ಧವಾಗಿ ನಿಂತಿದ್ದ ಹನ್ನೊಂದು ಸಾವಿರ ಬಾತುಕೋಳಿಗಳಿಂದ ಒಂದನ್ನು ಎತ್ತಿಕೊಂಡು, ಬ್ಲೇಡಿನಿಂದ ಬಣ್ಣ ಕೆರೆದು, ಪೊಟ್ಟಣ ಕಟ್ಟಿ ತಾನೇ ಲ್ಯಾಬಿಗೆ ಒಯ್ದಳು. ಹತ್ತು ಲಕ್ಷ ಭಾಗಕ್ಕೆ ತೊಂಬತ್ತು ಭಾಗ ಸೀಸ, ಅದು ಪಟ್ಟಿಯಲ್ಲಿದ್ದ ಮಿತಿ. ವರದಿಯಲ್ಲಿ ಬಂದದ್ದು ಒಂದು ಲಕ್ಷ ಇಪ್ಪತ್ತು ಸಾವಿರ. ಮರುದಿನ ಬೆಳಿಗ್ಗೆ ಲಾರಿ ಬರುವುದಿತ್ತು. ಆಕೆ ವರದಿಯನ್ನು ಮ್ಯಾನೇಜರನ ಮೇಜಿನ ಮೇಲಿಟ್ಟು, ಮಾಲು ಹೋಗುವುದಿಲ್ಲ ಎಂದಳು. ಮ್ಯಾನೇಜರ್ ಅದನ್ನು ಎರಡು ಸಲ ಓದಿ, ಫೋನೆತ್ತಿ, ಮಾಡಿದ್ದು ತಮ್ಮನಿಗೆ.

ಊಟದ ಬಿಡುವಿನಲ್ಲಿ ತಮ್ಮ ಬಂದ. ಆಕೆ ತೂಕದ ಕೋಣೆಯಲ್ಲಿ, ಒಂದೊಂದೇ ಹಳದಿ ಡಬ್ಬಿ ತೂಗಿ ಬರೆದುಕೊಳ್ಳುತ್ತಿದ್ದಳು. ಮೊದಲು ಅವನು ಗೋಗರೆದ. ಇದೊಂದು ಸಲ ಹೋಗಲಿ, ಮುಂದಿನ ಸಲದಿಂದ ಬದಲಾಯಿಸುತ್ತೇನೆ, ಒಂದು ಸಹಿ ತಾನೇ ಎಂದ. ಆಕೆ ತಲೆ ಎತ್ತಲಿಲ್ಲ.

"ನಿನ್ನ ಮಗಳ ಬಾಯಿಂದ ನೀನು ಕಿತ್ಕೊಂಡೆ. ಬೇರೆ ಮಕ್ಕಳ ಬಾಯಿಂದ ಯಾರು ಕಿತ್ಕೋಬೇಕೋ?"

"ಅವುಕ್ಕೂ ಅಪ್ಪಂದಿರು ಇದ್ದಾರೆ. ನೋಡ್ಕೊಳ್ಲಿ."

ಆಕೆ ಪುಸ್ತಕದ ಮೇಲೆ ಬಲಗೈ ಇಟ್ಟು ಮುಂದಿನ ಅಂಕಿ ಬರೆಯಲು ಹೊರಟಳು. ಅವನು ತಕ್ಕಡಿಯ ಪಕ್ಕದಲ್ಲಿದ್ದ ಐದು ಕಿಲೋ ತೂಕದ ಕಬ್ಬಿಣದ ಬಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಆ ಕೈಯ ಮೇಲೆ ಕುಟ್ಟಿದ. ಮೊದಲ ಏಟಿಗೆ ಎರಡು ಬೆರಳು ಒಣಕಡ್ಡಿಯ ಹಾಗೆ ಲಟಕ್ ಎಂದವು. ಎರಡನೆಯದಕ್ಕೆ ಅಂಗೈಯ ಮೂಳೆ ಚರ್ಮ ಹರಿದು ಹೊರಗೆ ಬಂತು. ಅಂಕಿಗಳ ಮೇಲೆ ರಕ್ತ ಹರಡಿತು. ಮ್ಯಾನೇಜರ್ ಬಾಗಿಲಲ್ಲೇ ಇದ್ದ; ಅವನು ಅತ್ತ ತಿರುಗಿ ಕ್ಯಾಲೆಂಡರ್ ನೋಡಿದ. ಅಪಘಾತದ ಪುಸ್ತಕದಲ್ಲಿ ಆಮೇಲೆ ಬರೆದದ್ದು ಮೂರೇ ಮಾತು: ನೌಕರಳ ಅಜಾಗರೂಕತೆಯಿಂದ ಗಾಯ.

ಏಟು ಸಿಟ್ಟಿನಲ್ಲಿ ಬಿದ್ದದ್ದು ಎಂದು ತಿಳಿಯಬೇಡಿ. ಪಟ್ಟಿಯಕ್ಕ ರಜೆಯಲ್ಲಿದ್ದರೆ ಸ್ಟೋರಿನ ಗುಮಾಸ್ತ ಸಹಿ ಹಾಕಬಹುದು ಎಂಬ ನಿಯಮವಿತ್ತು. ಸಂಜೆಯೊಳಗೆ ಮ್ಯಾನೇಜರ್ ರಜೆ ಅರ್ಜಿ ಟೈಪು ಮಾಡಿಸಿಕೊಂಡು ಆಸ್ಪತ್ರೆಗೆ ಬಂದ. ಎಡಗೈ ಹೆಬ್ಬೆಟ್ಟು ಒತ್ತಿದರೂ ಸಾಕಮ್ಮ, ಎರಡು ತಿಂಗಳು ಆರಾಮಾಗಿರಿ ಎಂದ. ಆಕೆ ಗೋಡೆಯ ಕಡೆ ಮಗ್ಗುಲಾದಳು.

ಬೆಳಿಗ್ಗೆ ಮೊಣಕೈವರೆಗೆ ಪ್ಲಾಸ್ಟರ್ ಹಾಕಿದ ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು, ಬಸ್ಸಿನಲ್ಲಿ ನಿಂತುಕೊಂಡೇ ಕಾರ್ಖಾನೆಗೆ ಬಂದಳು. ಲಾರಿಯ ಹಲಗೆ ಇಳಿದಿತ್ತು. ಬಾತುಕೋಳಿಯ ಪೆಟ್ಟಿಗೆಗಳು ಇಪ್ಪತ್ತೆರಡು ಅಟ್ಟಿಗಳಾಗಿ ನಿಂತಿದ್ದವು. ಮಾಲು ತಡೆಯಲು ಸಹಿ ಬೇಕಿಲ್ಲ. ಅಟ್ಟಿಗೊಂದು ಕೆಂಪು ಚೀಟಿ ಕಟ್ಟಬೇಕು, ಅಷ್ಟೇ. ಕಟ್ಟಿದವರ ಹೊರತು ಬೇರೆ ಯಾರೂ ಅದನ್ನು ಬಿಚ್ಚುವಂತಿಲ್ಲ. ಒಂದು ಕೈಯಲ್ಲಿ ಗಂಟು ಬೀಳುವುದಿಲ್ಲ. ಆಕೆ ನೈಲಾನ್ ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದಳು. ನಾಲ್ಕನೆಯ ಅಟ್ಟಿಯ ಹೊತ್ತಿಗೆ ಬಾಯ ಕೊನೆ ಸೀಳಿತು. ಏಳನೆಯದರ ಹತ್ತಿರ ತಮ್ಮ ಓಡಿಬಂದು ಸೊಂಟಕ್ಕೆ ಒದ್ದು ಕೆಡವಿದ. ಇನ್ನೊಮ್ಮೆ ಕಾಲೆತ್ತುವಷ್ಟರಲ್ಲಿ ಹಮಾಲಿ ಅವನ ಕುತ್ತಿಗೆ ಹಿಡಿದು ಲಾರಿಯ ಹಲಗೆಗೆ ಎರಡು ಸಲ ಅಪ್ಪಳಿಸಿದ. ಅವನ ಮೂಗು ಒಡೆಯಿತು. ಮೂರನೆಯ ಸಲಕ್ಕೆ ಆಕೆ ಬೇಡವೆಂದು ಕೈ ಆಡಿಸಿದಳು. ಬಾಯಲ್ಲಿ ದಾರವಿತ್ತು.

ಇಪ್ಪತ್ತೆರಡೂ ಕಟ್ಟಿ ಮುಗಿಸಿದಳು. ಚೀಟಿ ಕತ್ತರಿಸಿ ಮಾಲು ಹತ್ತಿಸು ಎಂದು ಮ್ಯಾನೇಜರ್ ಹಮಾಲಿಗೆ ಹೇಳಿದ. ಮುದುಕ ಗೋಡೆಗೆ ಬೆರಳು ತೋರಿಸಿದ. ಕೆಂಪು ಚೀಟಿಯ ಮಾಲು ಮುಟ್ಟಿದವರನ್ನು ಕೆಲಸದಿಂದ ತೆಗೆಯಲಾಗುವುದು ಎಂದು ಅಲ್ಲಿ ಮೊಳದುದ್ದ ಅಕ್ಷರಗಳಲ್ಲಿತ್ತು.

"ನೀವೇ ಬರೆಸಿದ್ದು ಸಾರ್. ಓದೋಕೆ ಕಷ್ಟ ಆದ್ರೆ ನಾನು ಓದಿ ಹೇಳ್ತೀನಿ."

ಲಾರಿ ಖಾಲಿ ಹೋಯಿತು. ಕೆಂಪು ಚೀಟಿಯ ಸುದ್ದಿ ಮಾಲು ಕೊಳ್ಳುವವರಿಗೆ ಮುಟ್ಟಿತು; ಹನ್ನೊಂದು ಸಾವಿರ ಬಾತುಕೋಳಿಗಳನ್ನು ಅವರ ಕಣ್ಣೆದುರೇ ನಾಶಮಾಡಬೇಕಾಯಿತು. ತಮ್ಮನ ಮೇಲೆ ಕೇಸು ನಡೆಯುತ್ತಿದೆ. ಆಕೆ ಸಾಕ್ಷಿ ಹೇಳಿ ಬಂದಿದ್ದಾಳೆ. ಆಕೆಯ ಕೆಲಸ ಹೋಯಿತು. ಕಾರಣ, ಬರೆಯಲು ಅಸಮರ್ಥಳು. ಬಲಗೈ ಇವತ್ತಿಗೂ ಮುಷ್ಟಿ ಕಟ್ಟುವುದಿಲ್ಲ.

ಆದರೆ ಆರು ವರ್ಷದ ಹಳದಿ ಹೊರಗೆ ಹೋಗಿ ಆಗಿದೆ, ಆಕೆಯದೇ ಸಹಿಯೊಂದಿಗೆ. ಆಕೆ ಈಗ ಎಡಗೈಯಲ್ಲಿ ಬರೆಯಲು ಕಲಿತಿದ್ದಾಳೆ. ಮಾಲು ತೆಗೆದುಕೊಂಡಿದ್ದ ಅಂಗಡಿಗಳಿಗೆಲ್ಲ ಒಂದೊಂದಾಗಿ ಕಾಗದ ಬರೆಯುತ್ತಾಳೆ. ಸೊಟ್ಟ ಅಕ್ಷರ, ಎರಡೇ ಸಾಲು: ನಾನು ಡಬ್ಬಿ ನೋಡಿ ಸಹಿ ಹಾಕಿದೆ, ಗೊಂಬೆ ನೋಡಲಿಲ್ಲ. ದಯವಿಟ್ಟು ಹಳದಿ ಗೊಂಬೆಗಳನ್ನು ವಾಪಸ್ ತರಿಸಿಕೊಳ್ಳಿ. ನೂರ ನಲವತ್ತು ಕಾಗದಕ್ಕೆ ಮೂರು ಉತ್ತರ ಬಂದಿವೆ. ಮೂರರಲ್ಲೂ ಒಂದೇ ಮಾತು. ಗಿರಾಕಿಗಳು ಯಾರೂ ಕೇಳಿಲ್ಲವಲ್ಲ?

ಆ ಗಿರಾಕಿ ನೀವು. ಮುಂದಿನ ಸಲ ಬಣ್ಣದ ಗೊಂಬೆ ಕೈಗೆತ್ತಿಕೊಂಡಾಗ ಅಂಗಡಿಯವನ ಮುಂದೆ ನಿಂತು ಪರೀಕ್ಷೆಯ ವರದಿ ಕೇಳಿ. ಬಣ್ಣದ ಡಬ್ಬಿಯದ್ದಲ್ಲ, ಗೊಂಬೆಯದ್ದು. ಅವನು ತೋರಿಸುವವರೆಗೆ ಅಲ್ಲಿಂದ ಅಲುಗಬೇಡಿ.